ರಸ್ತೆಗೆ ಯಾವ ಆವೃತ್ತಿ, ಟ್ರ್ಯಾಕ್‌ಗೆ ಯಾವ ಸಸ್ಪೆನ್ಷನ್?

ಟೊಯೋಟಾ ಜಿಆರ್86 ಮತ್ತು ಸುಬಾರು ಬಿಆರ್‌ಝಡ್ ಅವಳಿ ಕಾರುಗಳು. 2.4 ಲೀಟರಿನ ಎಂಜಿನ್ ಒಂದೇ, ಬಾಡಿ ಒಂದೇ, ತಯಾರಾಗುವ ಕಾರ್ಖಾನೆಯೂ ಒಂದೇ. ಆದರೂ ಎರಡನ್ನೂ ಓಡಿಸಿದವರನ್ನು ಕೇಳಿ: ತಿರುವಿನಲ್ಲಿ ಜಿಆರ್86ರ ಹಿಂಭಾಗ ಚುರುಕಾಗಿ ಹೊರಳುತ್ತದೆ, ಬಿಆರ್‌ಝಡ್ ಸಾವಧಾನವಾಗಿ ಕೂತು ಸಾಗುತ್ತದೆ ಎನ್ನುತ್ತಾರೆ. ಜಪಾನ್ ಮಾರುಕಟ್ಟೆಗೆ ಬಂದ ಮೊದಲ ಮಾದರಿಗಳಲ್ಲಿ ಜಿಆರ್86ರ ಮುಂದಿನ ಸ್ಪ್ರಿಂಗಿನ ಬಿಗಿತ, ಅಂದರೆ ಅದನ್ನು ಕುಗ್ಗಿಸಲು ಬೇಕಾದ ಬಲ, ಪ್ರತಿ ಮಿಲಿಮೀಟರಿಗೆ 28 ನ್ಯೂಟನ್, ಹಿಂದಿನದು 39. ಬಿಆರ್‌ಝಡ್‌ನಲ್ಲಿ ಮುಂದೆ 30, ಹಿಂದೆ 35. ಮುಂದೆ ಎರಡು, ಹಿಂದೆ ನಾಲ್ಕು ನ್ಯೂಟನ್ನಿನ ವ್ಯತ್ಯಾಸ. ಜೊತೆಗೆ, ಓಲಾಟ ತಡೆಯಲು ಎಡಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ಮತ್ತು ಸ್ಪ್ರಿಂಗಿನ ಆಟ ನಿಲ್ಲಿಸುವ ಡ್ಯಾಂಪರ್‌ಗಳಲ್ಲಿ ಒಂದಿಷ್ಟು ಬದಲಾವಣೆ. ಇಷ್ಟಕ್ಕೇ ಕಾರಿನ ಗುಣ ಬದಲಾಗುವುದಾದರೆ, 80 ನ್ಯೂಟನ್ನಿನ ಕಾಯಿಲ್‌ಓವರ್ (ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದಾಗಿರುವ ಜೋಡಣೆ) ಸೆಟ್ ತಂದು ನಾಲ್ಕೂ ಮೂಲೆಗೆ ಬಿಗಿದಾಗ ಏನೇನು ಬದಲಾದೀತು ಎಂದು ಮೊದಲೇ ಯೋಚಿಸುವುದು ಒಳ್ಳೆಯದು.

ಮೇಲಿನ ಆವೃತ್ತಿಗೆ ಹೆಚ್ಚು ಹಣ ಕೊಡಬೇಕೋ, ಕೆಳಗಿನದನ್ನು ಕೊಂಡು ಉಳಿದ ಹಣದಲ್ಲಿ ಸಸ್ಪೆನ್ಷನ್ ಬದಲಿಸಬೇಕೋ ಎಂಬ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ಒಂದು ಗೆರೆ ಎಳೆದುಕೊಳ್ಳಬೇಕು. ಗೆರೆಯ ಒಂದು ಕಡೆ, ಆಮೇಲೆ ಹಾಕಿಸಲು ಆಗದ ಅಥವಾ ಹಾಕಿಸಿದರೆ ಕೈಸುಡುವ ವಸ್ತುಗಳು: ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ದೊಡ್ಡ ಬ್ರೇಕ್, ಹೆಚ್ಚುವರಿ ರೇಡಿಯೇಟರ್ ಮತ್ತು ಆಯಿಲ್ ಕೂಲರ್, ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಆರ್ಮ್‌ಗಳು ಬಾಡಿಗೆ ಸೇರುವ ಜಾಗ. ಇನ್ನೊಂದು ಕಡೆ ಸ್ಪ್ರಿಂಗ್, ಡ್ಯಾಂಪರ್, ಬಾರ್, ಬುಶ್ (ಆರ್ಮ್ ತುದಿಯ ಒಳಹೊದಿಕೆ), ಟೈರ್, ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಿಕೆ). ಆವೃತ್ತಿಗೆ ಕೊಡುವ ಹೆಚ್ಚುವರಿ ಹಣ ಮೊದಲ ಪಟ್ಟಿಗೆ ಹೋಗುತ್ತಿದ್ದರೆ ಕೊಡಿ. ಎರಡನೆಯದಕ್ಕೆ ಮಾತ್ರ ಹೋಗುತ್ತಿದ್ದರೆ ಕೈ ಬಿಗಿಹಿಡಿಯಿರಿ.

ಆವೃತ್ತಿಗಳ ನಡುವೆ ಬದಲಾಗುವುದೇನು

ಮಜ್ದಾ ಎಂಎಕ್ಸ್-5ರ ಈಗಿನ ಪೀಳಿಗೆಯಲ್ಲಿ, ಅಮೆರಿಕದಲ್ಲಿ ಮಾರುವ ಕ್ಲಬ್ ಆವೃತ್ತಿಯ ಮ್ಯಾನ್ಯುಯಲ್ ಗೇರ್ ಕಾರಿಗೆ ಬಿಲ್‌ಸ್ಟೈನ್ ಡ್ಯಾಂಪರ್, ಮುಂದಿನ ಎರಡು ಡ್ಯಾಂಪರ್‌ಗಳ ಮೇಲ್ತುದಿಯನ್ನು ಜೋಡಿಸುವ ಟವರ್ ಬ್ರೇಸ್, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮೂರೂ ಬರುತ್ತವೆ. ಡ್ಯಾಂಪರನ್ನು ಹೇಗೂ ಬದಲಿಸುವವರಿಗೆ ಇಲ್ಲಿ ಬೆಲೆಯುಳ್ಳದ್ದು ಡಿಫರೆನ್ಷಿಯಲ್ ಒಂದೇ. ಅದಿಲ್ಲದಿದ್ದರೆ ಬಿಗಿ ತಿರುವಿನಿಂದ ಹೊರಬರುವಾಗ ಭಾರ ಕಳೆದುಕೊಂಡ ಒಳಗಿನ ಹಿಂಚಕ್ರ ಸುಮ್ಮನೆ ಸುತ್ತುತ್ತದೆ. ಹಿಂದಿನ ಬಾರ್ ದಪ್ಪ ಮಾಡಿದಷ್ಟೂ ಆ ಚಕ್ರ ಇನ್ನಷ್ಟು ಹಗುರಾಗುತ್ತದೆ. ಅಂದರೆ ಅಂಥ ಡಿಫರೆನ್ಷಿಯಲ್ ಇಲ್ಲದ ಕಾರಿಗೆ ಸಸ್ಪೆನ್ಷನ್ ಸುಧಾರಣೆಯ ಅರ್ಧ ದಾರಿ ಮೊದಲೇ ಮುಚ್ಚಿರುತ್ತದೆ.

ಎಂಟನೇ ಪೀಳಿಗೆಯ ಶೆವರ್ಲೆ ಕಾರ್ವೆಟ್‌ನ ಝಡ್51 ಪ್ಯಾಕೇಜ್ ಕೂಡ ಇದೇ ಲೆಕ್ಕ. ಅದರಲ್ಲಿ ದೊಡ್ಡ ಬ್ರೇಕ್, ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್, ಹೆಚ್ಚಿನ ತಂಪುಗೊಳಿಸುವ ವ್ಯವಸ್ಥೆ, ಬಿಗಿ ಸ್ಪ್ರಿಂಗ್, ಜೊತೆಗೆ ಎತ್ತರ ಹೊಂದಿಸಬಲ್ಲ ಥ್ರೆಡ್ ಇರುವ ಸ್ಪ್ರಿಂಗ್ ಸೀಟ್ (ಸ್ಪ್ರಿಂಗ್ ಕೂರುವ ತಟ್ಟೆ) ಇವೆ. ಇವನ್ನು ಬಿಡಿಬಿಡಿಯಾಗಿ ಕೂಡಿಸುತ್ತ ಹೋದರೆ ಪ್ಯಾಕೇಜಿನ ಬೆಲೆಯಲ್ಲಿ ಮುಗಿಯುವುದಿಲ್ಲ.

ಆಲ್ಪೀನ್ ಎ110ದು ಬೇರೆಯ ಪಾಠ. ಮೂಲ ಕಾರಿನಲ್ಲಿ ಸ್ಪ್ರಿಂಗ್‌ಗಳು ಮುಂದೆ 30, ಹಿಂದೆ 60 ನ್ಯೂಟನ್. ಎಸ್ ಆವೃತ್ತಿಯಲ್ಲಿ 47 ಮತ್ತು 90. ಆ್ಯಂಟಿ ರೋಲ್ ಬಾರ್‌ಗಳ ಬಿಗಿತ ದುಪ್ಪಟ್ಟು. ಎತ್ತರ ಮಾತ್ರ 4 ಮಿ.ಮೀ. ಕಡಿಮೆ. ಗಮನಿಸಬೇಕಾದ್ದು ಆ ನಾಲ್ಕನ್ನು. ಸ್ಪ್ರಿಂಗ್ ಐವತ್ತು ಪ್ರತಿಶತ ಬಿಗಿ ಮಾಡಿದ ಎಂಜಿನಿಯರ್‌ಗಳು ಕಾರನ್ನು ನೆಲಕ್ಕೆ ಅಂಟಿಸಲಿಲ್ಲ. ಆಮೇಲೆ ಬಂದ ಆರ್ ಆವೃತ್ತಿ ಇನ್ನೂ 10 ಮಿ.ಮೀ. ತಗ್ಗಿತು, ಅದರ ಡ್ಯಾಂಪರ್‌ಗಳನ್ನು 20 ಹಂತಗಳಲ್ಲಿ ಹೊಂದಿಸಬಹುದು, ಟ್ರ್ಯಾಕ್‌ಗೆಂದು ಮತ್ತೂ 10 ಮಿ.ಮೀ. ಇಳಿಸಬಹುದು. ರಸ್ತೆಯಲ್ಲಿ ದಿನವೂ ಓಡುವ ಕಾರಿಗೆ ಮೂಲ ಎ110ರ ಮೆದು ಸ್ಪ್ರಿಂಗೇ ಸರಿಯಾದ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ. ಕಾರು ಹಗುರ, ನಾಲ್ಕೂ ಕಡೆ ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಶ್‌ಬೋನ್. ಬಾಡಿ ಓಲಿದರೂ ಟೈರ್ ನೆಲಕ್ಕೆ ಸಮನಾಗಿ ಕೂರುತ್ತದೆ.

ಪೋರ್ಷೆ 911 ಜಿಟಿ3ರಲ್ಲಿ ಬದಲಾವಣೆ ಬೇರಿನಲ್ಲೇ ಆಗಿದೆ. 992 ಪೀಳಿಗೆಯ ಜಿಟಿ3ಗೆ ಮುಂದೆ ಡಬಲ್ ವಿಶ್‌ಬೋನ್ ಇದೆ. ಮೂಲ 911 ಆದ ಕರೇರಾಗೆ ಇರುವುದು ಕೆಳಗೆ ಮಾತ್ರ ಆರ್ಮ್, ಮೇಲೆ ಡ್ಯಾಂಪರೇ ಚಕ್ರವನ್ನು ಹಿಡಿದಿಡುವ ಮ್ಯಾಕ್‌ಫರ್ಸನ್ ಸ್ಟ್ರಟ್. ಕರೇರಾಗೆ ಎಷ್ಟೇ ದುಬಾರಿ ಡ್ಯಾಂಪರ್ ಹಾಕಿದರೂ ಆ ಜ್ಯಾಮಿತಿ ಬರುವುದಿಲ್ಲ. ಅದೇ ಜಿಟಿ3ಗೂ ಅದರ ಟೂರಿಂಗ್ ಆವೃತ್ತಿಗೂ ಇರುವ ಮುಖ್ಯ ವ್ಯತ್ಯಾಸ ಹಿಂದಿನ ಎತ್ತರದ ರೆಕ್ಕೆ. ಎಂಜಿನ್ನೂ ಸಸ್ಪೆನ್ಷನ್ನೂ ಅವೇ. ರಸ್ತೆಯೇ ಮುಖ್ಯವಾದವರು ಟೂರಿಂಗ್ ಕೊಂಡರೆ ಕಳೆದುಕೊಳ್ಳುವುದು ಹೆಚ್ಚಿಲ್ಲ.

ಜಿಟಿ3 ಆರ್‌ಎಸ್ ಏಕೆ ರಸ್ತೆಯಲ್ಲಿ ಕಲ್ಲಿನಂತೆ ಬಿಗಿ ಎಂಬುದಕ್ಕೆ ಒಂದು ಸಣ್ಣ ಗುಣಾಕಾರ ಸಾಕು. 285 ಕಿ.ಮೀ. ವೇಗದಲ್ಲಿ ಗಾಳಿ ಅದನ್ನು 860 ಕೆ.ಜಿ.ಯಷ್ಟು ಕೆಳಕ್ಕೆ ಒತ್ತುತ್ತದೆ. ನಾಲ್ಕು ಚಕ್ರಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 2,100 ನ್ಯೂಟನ್. ಚಕ್ರದ ಬಳಿ 30 ನ್ಯೂಟನ್ ಬಿಗಿತವಿದ್ದರೆ ಕಾರು 70 ಮಿ.ಮೀ. ಕುಸಿದು ಹೊಟ್ಟೆ ನೆಲಕ್ಕೆ ತಾಗುತ್ತದೆ. ಆ ಬಿಗಿತ ಇರುವುದು ರೆಕ್ಕೆಗಾಗಿ. ರೆಕ್ಕೆ ಇಲ್ಲದ ಕಾರಿಗೆ ಅದೇ ಬಿಗಿತ ತಂದುಕೊಂಡರೆ ಸಿಗುವುದು ಬೆನ್ನುನೋವು ಮಾತ್ರ.

ಬಿಗಿ ಎಂದರೆ ಎಷ್ಟು

ಸ್ಪ್ರಿಂಗಿನ ಮೇಲೆ ಬರೆದ ಅಂಕಿ ಚಕ್ರಕ್ಕೆ ಮುಟ್ಟುವ ಬಿಗಿತವಲ್ಲ. ಸ್ಪ್ರಿಂಗ್ ಆರ್ಮ್‌ನ ಮಧ್ಯದಲ್ಲಿ ಕೂತಿದ್ದರೆ, ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗಬಹುದು. ಈ 0.7ನ್ನು ಮೋಷನ್ ರೇಷಿಯೋ ಎನ್ನುತ್ತಾರೆ. ಚಕ್ರದ ಬಿಗಿತಕ್ಕೆ ಸ್ಪ್ರಿಂಗ್ ಬಿಗಿತವನ್ನು ಈ ಅನುಪಾತದ ವರ್ಗದಿಂದ ಗುಣಿಸಬೇಕು. 60 ನ್ಯೂಟನ್ನಿನ ಸ್ಪ್ರಿಂಗ್ 0.7ರ ಅನುಪಾತದಲ್ಲಿ ಚಕ್ರಕ್ಕೆ ಕೊಡುವುದು 29 ನ್ಯೂಟನ್. ಅದೇ ಸ್ಪ್ರಿಂಗ್ 0.95 ಇರುವ ಸ್ಟ್ರಟ್‌ನಲ್ಲಿ 54 ಕೊಡುತ್ತದೆ. ಆದ್ದರಿಂದ ಒಂದು ಕಾರಿಗೆ ಒಪ್ಪಿದ ಸ್ಪ್ರಿಂಗ್ ಅಂಕಿಯನ್ನು ಇನ್ನೊಂದು ಕಾರಿಗೆ ಎತ್ತಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ಅಳತೆಗಳೂ ಗೊಂದಲ ಹುಟ್ಟಿಸುತ್ತವೆ: ಜಪಾನಿನ ಕಾಯಿಲ್‌ಓವರ್‌ಗಳಲ್ಲಿ “8 ಕೆ.ಜಿ. ಸ್ಪ್ರಿಂಗ್” ಎಂದರೆ ಮಿಲಿಮೀಟರಿಗೆ 78 ನ್ಯೂಟನ್, ಅಮೆರಿಕದವರ ಪೌಂಡ್ ಲೆಕ್ಕದಲ್ಲಿ ಅದು ಇಂಚಿಗೆ ಸುಮಾರು 450.

ಕಾರಿನಿಂದ ಕಾರಿಗೆ ಹೋಲಿಸಲು ಬರುವ ಅಳತೆ ಆವರ್ತನ: ಬಾಡಿ ತನ್ನ ಸ್ಪ್ರಿಂಗ್‌ಗಳ ಮೇಲೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದು. ಒಂದು ಮೂಲೆಯಲ್ಲಿ ಸ್ಪ್ರಿಂಗ್ ಹೊರುವ ತೂಕ 300 ಕೆ.ಜಿ., ಚಕ್ರದ ಬಿಗಿತ 30 ನ್ಯೂಟನ್ ಎಂದುಕೊಳ್ಳಿ. ಮೀಟರಿನ ಲೆಕ್ಕಕ್ಕೆ ತಂದರೆ ಅದು 30,000; ಅದನ್ನು 300ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಭಾಗಿಸಿದರೆ 1.6 ಹರ್ಟ್ಸ್ ಬರುತ್ತದೆ. ಅದೇ ಮೂಲೆಯನ್ನು 2 ಹರ್ಟ್ಸ್‌ಗೆ ತರಲು 47 ನ್ಯೂಟನ್ ಬೇಕು, 2.5ಕ್ಕೆ 74. ಸಾಧಾರಣ ಕುಟುಂಬದ ಕಾರು 1ರಿಂದ 1.5ರ ನಡುವೆ ಇರುತ್ತದೆ, ರಸ್ತೆಯ ಸ್ಪೋರ್ಟ್ಸ್ ಕಾರು 1.5ರಿಂದ 2. ರೆಕ್ಕೆಯಿಲ್ಲದ ಟ್ರ್ಯಾಕ್ ಕಾರಿಗೆ 2ರಿಂದ 2.5 ಸಾಕು. ಅದರಾಚೆ ಹೋಗುವುದು ಗಾಳಿಯ ಒತ್ತಡವನ್ನು ಹೊರಬೇಕಾದ ಕಾರುಗಳಿಗೆ. ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಕಾರು ಎನ್ನುವವರು 2ರ ಆಸುಪಾಸಿನಲ್ಲಿ ನಿಲ್ಲುವುದು ಲೇಸು. ತೀರ ಬಿಗಿಯಾದ ಕಾರು ಉಬ್ಬಿನ ಮೇಲೆ ಪುಟಿದಾಗ ಟೈರ್ ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತವಿಲ್ಲ, ಅದು ಟ್ರ್ಯಾಕ್ ಆದರೂ ಅಷ್ಟೇ.

ಹಿಂದಿನ ಆವರ್ತನ ಮುಂದಿನದಕ್ಕಿಂತ 10–20 ಪ್ರತಿಶತ ಹೆಚ್ಚಿರುವುದು ರಸ್ತೆ ಕಾರಿನ ಹಳೆಯ ಕಟ್ಟಳೆ. ಉಬ್ಬು ಮೊದಲು ಮುಂಚಕ್ರಕ್ಕೆ ತಗಲುತ್ತದೆ, ತುಸು ತಡವಾಗಿ ಹಿಂಚಕ್ರಕ್ಕೆ. ಹಿಂಭಾಗ ಸ್ವಲ್ಪ ವೇಗವಾಗಿ ಆಡಿದರೆ ಎರಡೂ ಒಂದೇ ಹೊತ್ತಿಗೆ ತಣ್ಣಗಾಗುತ್ತವೆ. ಇಲ್ಲದಿದ್ದರೆ ಕಾರು ಮೂಗು ಏರಿಸುತ್ತ ಇಳಿಸುತ್ತ ಹೋಗುತ್ತದೆ. ಟ್ರ್ಯಾಕ್‌ಗೆಂದೇ ಕಟ್ಟಿದ ಕಾರುಗಳಲ್ಲಿ ಈ ಕಟ್ಟಳೆಯನ್ನು ಮುರಿಯುವುದುಂಟು.

ಡ್ಯಾಂಪರ್ ಕೆಲಸ ಮತ್ತು ಡ್ಯಾಂಪರ್ ಮಾರಾಟ

ಡ್ಯಾಂಪರ್ ಇಲ್ಲದ ಸ್ಪ್ರಿಂಗ್ ತೂಗಿಬಿಟ್ಟ ತೊಟ್ಟಿಲಿನಂತೆ ತನ್ನಷ್ಟಕ್ಕೆ ಆಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್ ಎಂದು ನಾವೆಲ್ಲ ಕರೆಯುವ ಡ್ಯಾಂಪರ್. ಸ್ಪ್ರಿಂಗ್ ಬಿಗಿಯಾದರೆ ಡ್ಯಾಂಪರ್ ಕೂಡ ಬಲವಾಗಬೇಕು, ಆದರೆ ಅಷ್ಟೇ ಪ್ರಮಾಣದಲ್ಲಲ್ಲ: ಸ್ಪ್ರಿಂಗ್ ದುಪ್ಪಟ್ಟಾದರೆ ಬೇಕಾದ ಡ್ಯಾಂಪಿಂಗ್ 1.4 ಪಟ್ಟು. ಕಂಪನಿಯ ಡ್ಯಾಂಪರ್ ಉಳಿಸಿಕೊಂಡು ಬರೀ ಬಿಗಿ, ಗಿಡ್ಡ ಸ್ಪ್ರಿಂಗ್ ಹಾಕಿದವರ ಕಾರು ಉಬ್ಬು ದಾಟಿದ ಮೇಲೆ ಎರಡು ಮೂರು ಸಲ ಕುಣಿಯುವುದು ಇದಕ್ಕೇ. ಕುಗ್ಗಿದ ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ತಡೆಯುವ ರಿಬೌಂಡ್ ಶಕ್ತಿ ಹಳೆಯ ಡ್ಯಾಂಪರ್‌ನಲ್ಲಿ ಸಾಲದು.

ಒಂದೇ ಕೊಳವೆಯ ಮೊನೋಟ್ಯೂಬ್ ಡ್ಯಾಂಪರ್ ಒಳ್ಳೆಯದು, ಕೊಳವೆಯೊಳಗೆ ಕೊಳವೆಯಿರುವ ಟ್ವಿನ್ ಟ್ಯೂಬ್ ಕೆಟ್ಟದ್ದು ಎಂಬುದು ಅರ್ಧ ಸತ್ಯ. ಮೊನೋಟ್ಯೂಬ್‌ನಲ್ಲಿ ಅನಿಲವನ್ನೂ ಎಣ್ಣೆಯನ್ನೂ ತೇಲುವ ಪಿಸ್ಟನ್ ಬೇರ್ಪಡಿಸುವುದರಿಂದ ಎಣ್ಣೆ ನೊರೆಯಾಗುವುದಿಲ್ಲ. ಎಣ್ಣೆಯ ಕೊಳವೆ ನೇರವಾಗಿ ಗಾಳಿಗೆ ಒಡ್ಡಿಕೊಂಡಿರುವುದರಿಂದ ಬೇಗ ತಣಿಯುತ್ತದೆ. ಅಗ್ಗದ ಟ್ವಿನ್ ಟ್ಯೂಬ್ ಇಪ್ಪತ್ತು ನಿಮಿಷದ ಟ್ರ್ಯಾಕ್ ಓಟದ ಕೊನೆಗೆ ಮೆತ್ತಗಾಗಬಹುದು. ಆದರೆ ಡ್ಯಾಂಪರ್ ತಯಾರಕ ಓಲಿನ್ಸ್‌ನವರ ದುಬಾರಿ ಟಿಟಿಎಕ್ಸ್ ಕೂಡ ಟ್ವಿನ್ ಟ್ಯೂಬೇ. ವಿನ್ಯಾಸದ ಹೆಸರಿಗಿಂತ ಒಳಗಿನ ವಾಲ್ವ್‌ಗಳ ಗುಣಮಟ್ಟ ಮುಖ್ಯ.

ಹೊಂದಿಸುವ ನಾಬ್‌ಗಳ ವಿಷಯ. ಒಂದೇ ನಾಬ್ ಇದ್ದರೆ ಅದು ಬಹುಮಟ್ಟಿಗೆ ರಿಬೌಂಡನ್ನು, ಕೆಲವದರಲ್ಲಿ ಎರಡೂ ದಿಕ್ಕನ್ನು ಒಟ್ಟಿಗೆ ಬದಲಿಸುತ್ತದೆ. ಎರಡಿದ್ದರೆ ಕುಗ್ಗುವಾಗಿನ ಕಂಪ್ರೆಷನ್ ಬೇರೆ, ರಿಬೌಂಡ್ ಬೇರೆ. ಮೂರು, ನಾಲ್ಕು ಇದ್ದರೆ ನಿಧಾನ ಚಲನೆ ಮತ್ತು ವೇಗದ ಚಲನೆಯೂ ಬೇರೆಬೇರೆ. ಇಲ್ಲಿ ನಿಧಾನ, ವೇಗ ಎಂದರೆ ಕಾರಿನ ವೇಗವಲ್ಲ, ಡ್ಯಾಂಪರ್ ದಂಡದ ವೇಗ: ಸ್ಟಿಯರಿಂಗ್ ತಿರುಗಿಸಿದಾಗ, ಬ್ರೇಕ್ ಒತ್ತಿದಾಗ ಬಾಡಿ ವಾಲುವುದು ನಿಧಾನದ ಚಲನೆ; ಗುಂಡಿ, ಟ್ರ್ಯಾಕ್ ಅಂಚಿನ ಕರ್ಬ್ ತಗಲುವುದು ವೇಗದ್ದು. ಮೊದಲ ಬಾರಿಗೆ ಕೊಳ್ಳುವವರಿಗೆ ಒಳ್ಳೆಯ ಒಂದು ಅಥವಾ ಎರಡು ನಾಬ್‌ನದು ಸಾಕು. ನಾಲ್ಕು ನಾಬ್‌ನ ಡ್ಯಾಂಪರ್ ತಪ್ಪಾಗಿ ಹೊಂದಿಸಲು ನಾಲ್ಕು ಅವಕಾಶ ಕೊಡುತ್ತದೆ.

ಎಲೆಕ್ಟ್ರಾನಿಕ್ ಡ್ಯಾಂಪರ್ ಇರುವ ಕಾರಿನಲ್ಲಿ ಇನ್ನೊಂದು ತಿರುವಿದೆ. ಕಾರ್ವೆಟ್‌ನಲ್ಲಿ 2003ರಿಂದ ಇರುವ ಮ್ಯಾಗ್ನೆಟಿಕ್ ಡ್ಯಾಂಪರ್‌ಗಳಲ್ಲಿ ಕಬ್ಬಿಣದ ಕಣಗಳಿರುವ ದ್ರವ ವಿದ್ಯುತ್ ಹರಿದಾಗ ಗಟ್ಟಿಯಾಗುತ್ತದೆ. ಅದರ ಪ್ರೋಗ್ರಾಮ್ ಬರೆದಿರುವುದು ಮೂಲ ಸ್ಪ್ರಿಂಗಿಗೆ. ಸ್ಪ್ರಿಂಗ್ ಸ್ವಲ್ಪ ಬದಲಾದರೆ ಸಂಭಾಳಿಸಿಕೊಳ್ಳುತ್ತದೆ, ದುಪ್ಪಟ್ಟಾದರೆ ಆಗದು. ಅವನ್ನು ತೆಗೆದು ಸಾದಾ ಕಾಯಿಲ್‌ಓವರ್ ಹಾಕುವವರು ವೈರಿನ ತುದಿಗೆ ಜೋಡಿಸುವ ಡಿಲೀಟ್ ಮಾಡ್ಯೂಲನ್ನೂ ಕೊಳ್ಳಬೇಕು, ಇಲ್ಲವಾದರೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಆರುವುದಿಲ್ಲ. ಕೆಲವು ಕಾರುಗಳಲ್ಲಿ ಸ್ಪೋರ್ಟ್ ಮೋಡ್ ಕೂಡ ಸಿಗುವುದಿಲ್ಲ.

ಓಲಾಟ ತಡೆಯುವುದು ಹಿಡಿತ ಹೆಚ್ಚಿಸುವುದಲ್ಲ

1,300 ಕೆ.ಜಿ. ಕಾರು, ಗುರುತ್ವ ಕೇಂದ್ರ 46 ಸೆಂ.ಮೀ. ಎತ್ತರದಲ್ಲಿ, ಎಡಬಲ ಚಕ್ರಗಳ ನಡುವೆ 1.52 ಮೀಟರ್. 1 ಜಿ ಬಲದಲ್ಲಿ (ಪಕ್ಕಕ್ಕೆ ಕಾರಿನ ತೂಕದಷ್ಟೇ ಬಲ) ತಿರುಗುವಾಗ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸುಮಾರು 390 ಕೆ.ಜಿ. ಭಾರ ಸರಿಯುತ್ತದೆ. ಸ್ಪ್ರಿಂಗ್ ಎಷ್ಟೇ ಬಿಗಿಯಿರಲಿ, ಬಾರ್ ಎಷ್ಟೇ ದಪ್ಪವಿರಲಿ, ಈ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಬದಲಿಸಲು ಸಾಧ್ಯವಿರುವುದು ಅದರಲ್ಲಿ ಮುಂದಿನ ಆಕ್ಸಲ್ ಎಷ್ಟು ಹೊರಬೇಕು, ಹಿಂದಿನದು ಎಷ್ಟು ಎಂಬ ಪಾಲನ್ನು. ಟೈರಿನ ಮೇಲೆ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ ಏರುತ್ತದೆ. ಹಾಗಾಗಿ ಯಾವ ಆಕ್ಸಲ್ ಬಿಗಿಯೋ ಅದು ಹೆಚ್ಚು ಭಾರದ ವರ್ಗಾವಣೆಯನ್ನು ಹೊತ್ತು ಹಿಡಿತ ಕಳೆದುಕೊಳ್ಳುತ್ತದೆ. ಮುಂದೆ ಬಿಗಿ ಮಾಡಿದರೆ ಮೂಗು ಹೊರಕ್ಕೆ ಜಾರುವ ಅಂಡರ್‌ಸ್ಟಿಯರ್; ಹಿಂದೆ ಬಿಗಿ ಮಾಡಿದರೆ ಬಾಲ ಹೊರಕ್ಕೆ ಬರುವ ಓವರ್‌ಸ್ಟಿಯರ್.

ಆ್ಯಂಟಿ ರೋಲ್ ಬಾರ್ ಈ ಹೊಂದಾಣಿಕೆಗೆ ಅಗ್ಗದ ಉಪಾಯ. ಅದರ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ: 20 ಮಿ.ಮೀ. ಬದಲು 22 ಹಾಕಿದರೆ 46 ಪ್ರತಿಶತ ಹೆಚ್ಚು. ಎರಡು ಮಿಲಿಮೀಟರ್ ತಾನೇ ಎಂದು ಹಿಂದಿನ ಬಾರ್ ಬದಲಿಸಿ, ಮೊದಲ ಮಳೆಯಲ್ಲೇ ಕಾರನ್ನು ಅಡ್ಡ ತಿರುಗಿಸಿಕೊಳ್ಳುವವರು ಈ ಲೆಕ್ಕ ನೋಡಿರುವುದಿಲ್ಲ. ಬಾರ್ ಎಡ ಬಲವನ್ನು ಕಟ್ಟಿಹಾಕುವುದರಿಂದ ಒಂದೇ ಚಕ್ರಕ್ಕೆ ಬಿದ್ದ ಗುಂಡಿಯ ಏಟು ಇನ್ನೊಂದಕ್ಕೂ ದಾಟುತ್ತದೆ. ಹಾಳಾದ ರಸ್ತೆಯಲ್ಲಿ ಕಾರು ಎಡಕ್ಕೂ ಬಲಕ್ಕೂ ತಲೆಯಾಡಿಸುವುದು ಇದರಿಂದ. ಹೊಂದಿಸಬಲ್ಲ, ಎರಡು ಮೂರು ತೂತುಗಳಿರುವ ಬಾರ್ ಕೊಂಡರೆ ರಸ್ತೆಗೆ ತುದಿಯ ತೂತು, ಟ್ರ್ಯಾಕ್‌ಗೆ ಒಳಗಿನದು.

ತಗ್ಗಿಸಿದಾಗ ಕೆಡುವುದು

ರಸ್ತೆಗೂ ಟ್ರ್ಯಾಕ್‌ಗೂ ಕಾರು ಹೊಂದಿಸುವಾಗ ಎಲ್ಲಕ್ಕಿಂತ ಜೋಪಾನವಾಗಿ ಖರ್ಚು ಮಾಡಬೇಕಾದ್ದು ಸಸ್ಪೆನ್ಷನ್ನಿನ ಮೇಲ್ಮುಖ ಚಲನೆ, ಅಂದರೆ ಚಕ್ರ ಮೇಲೇರಿ ಅದರ ಕೊನೆಯ ಮೆತ್ತನೆಯ ತಡೆಯಾದ ಬಂಪ್ ಸ್ಟಾಪ್‌ಗೆ ತಾಗುವ ಮೊದಲು ಉಳಿದಿರುವ ಜಾಗ. ಅನೇಕ ಕಾರುಗಳಲ್ಲಿ ಇದು ಐವತ್ತು ಅರವತ್ತು ಮಿ.ಮೀ. ಇದ್ದರೆ ಹೆಚ್ಚು. ಅದರಲ್ಲಿ 30ನ್ನು ಅಂದಕ್ಕಾಗಿ ತಗ್ಗಿಸಿ ತಿಂದುಬಿಟ್ಟರೆ ತಿರುವಿನ ನಡುವೆ ಹೊರಚಕ್ರ ಸ್ಟಾಪ್ ಮೇಲೆ ಹೋಗಿ ಕೂರುತ್ತದೆ. ಆ ಕ್ಷಣ ಚಕ್ರದ ಬಿಗಿತ ಹಲವು ಪಟ್ಟು ಜಿಗಿಯುತ್ತದೆ. ಮುಂದೆ ಹೀಗಾದರೆ ಕಾರು ದಿಢೀರನೆ ನೇರ ಹೋಗುತ್ತದೆ. ಹಿಂದೆ ಆದರೆ ಸೂಚನೆಯೇ ಕೊಡದೆ ತಿರುಗುತ್ತದೆ. ಬಹಳ ಜನ ಇದನ್ನು ಟೈರಿನ ತಪ್ಪು ಎಂದುಕೊಳ್ಳುತ್ತಾರೆ.

ಪತ್ತೆ ಹಚ್ಚುವುದು ಸುಲಭ. ಡ್ಯಾಂಪರ್ ದಂಡಕ್ಕೆ ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು ಸೀಲಿನ ತನಕ ತಳ್ಳಿ. ಒಂದು ಸುತ್ತು ಓಡಿಸಿ ಬಂದು ನೋಡಿದರೆ ಅದು ಎಲ್ಲಿಯವರೆಗೆ ಸರಿದಿದೆಯೋ ಅಲ್ಲಿಯವರೆಗೆ ಚಕ್ರ ಏರಿದೆ. ದೊಡ್ಡ ಗುಂಡಿಗೆ ಒಮ್ಮೆ ಸ್ಟಾಪ್ ಮುಟ್ಟುವುದು ತಪ್ಪಲ್ಲ. ನುಣುಪು ತಿರುವಿನಲ್ಲೇ ಮುಟ್ಟುತ್ತಿದ್ದರೆ ಎತ್ತರಿಸಿ, ಇಲ್ಲವೇ ಸ್ಪ್ರಿಂಗ್ ಬಿಗಿ ಮಾಡಿ, ಇಲ್ಲವೇ ಗಿಡ್ಡ ಕವಚದ ಡ್ಯಾಂಪರ್ ಹಾಕಿ. ಬಂಪ್ ಸ್ಟಾಪನ್ನು ಕತ್ತರಿಸಿ ಎಸೆಯುವುದು ಪರಿಹಾರವಲ್ಲ. ಅದು ಹೋದರೆ ಡ್ಯಾಂಪರಿನೊಳಗೆ ಲೋಹಕ್ಕೆ ಲೋಹ ಬಡಿದು ವಾಲ್ವ್ ಒಡೆಯುತ್ತದೆ.

ಸ್ಟ್ರಟ್ ಇರುವ ಕಾರಿನಲ್ಲಿ ಇನ್ನೊಂದು ಪೆಟ್ಟು ಕಾದಿರುತ್ತದೆ. ಕೆಳಗಿನ ಆರ್ಮ್ ಮೂಲದಲ್ಲಿ ಬಾಡಿಯಿಂದ ಚಕ್ರದ ಕಡೆಗೆ ತುಸು ಇಳಿಜಾರಾಗಿ ಅಥವಾ ಸಮವಾಗಿ ಇರುತ್ತದೆ. ಅತಿ ತಗ್ಗಿಸಿದರೆ ಅದು ಚಕ್ರದ ಕಡೆಗೆ ಏರಿಕೊಳ್ಳುತ್ತದೆ. ಆಗ ಬಾಡಿ ಯಾವ ಬಿಂದುವಿನ ಸುತ್ತ ಓಲುತ್ತದೋ ಆ ರೋಲ್ ಸೆಂಟರ್, ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಕ್ಕೆ ಹೋಗಿಬಿಡುತ್ತದೆ. ಎರಡರ ನಡುವಿನ ಅಂತರ ಬೆಳೆದು, ತಗ್ಗಿಸಿದ ಕಾರು ಮೊದಲಿಗಿಂತ ಹೆಚ್ಚು ಓಲಲು ಹವಣಿಸುತ್ತದೆ; ಸ್ಪ್ರಿಂಗಿನ ಹೊಸ ಬಿಗಿತ ಅದನ್ನು ಮುಚ್ಚಿಹಾಕುವುದರಲ್ಲೇ ಖರ್ಚಾಗುತ್ತದೆ. ಓಲಿದಾಗ ಸಿಗಬೇಕಿದ್ದ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲುವ ಕೋನ; ಒಳಕ್ಕಾದರೆ ಮೈನಸ್) ಕೂಡ ಸಿಗದು. ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಮತ್ತು ಆರ್ಮ್ ಬೇರೆಬೇರೆ ಕೋನಕ್ಕೆ ಹೋಗುವುದರಿಂದ ಉಬ್ಬಿನ ಮೇಲೆ ಸ್ಟಿಯರಿಂಗ್ ತಾನೇ ಎಳೆಯುವ ಬಂಪ್ ಸ್ಟಿಯರ್ ಶುರುವಾಗುತ್ತದೆ. ಉದ್ದನೆಯ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಹಾಕಿದರೆ ಸರಿಪಡಿಸಬಹುದು. ರಸ್ತೆ ಕಾರಿಗೆ 15–20 ಮಿ.ಮೀ. ತಗ್ಗಿಸಿ ನಿಲ್ಲಿಸಿದರೆ ಇವ್ಯಾವುದರ ಗೋಜೂ ಬೇಡ.

ಕಾಯಿಲ್‌ಓವರ್ ಕೊಳ್ಳುವಾಗ ಎತ್ತರ ಬದಲಿಸುವ ರೀತಿ ನೋಡಿ. ಕೆಲವದರಲ್ಲಿ ಡ್ಯಾಂಪರಿನ ಕೆಳಗಿನ ಬ್ರ್ಯಾಕೆಟ್ಟೇ ಥ್ರೆಡ್ ಮೇಲೆ ಏರಿಳಿಯುತ್ತದೆ. ಅವುಗಳಲ್ಲಿ ಕಾರನ್ನು ತಗ್ಗಿಸಿದರೂ ಡ್ಯಾಂಪರ್ ದಂಡದ ಚಲನೆ ಕಡಿಮೆಯಾಗದು. ಚಕ್ರ ಫೆಂಡರಿಗೆ ತಾಗದಂತೆ ನೋಡಿಕೊಂಡರಾಯಿತು. ಇನ್ನು ಕೆಲವದರಲ್ಲಿ ಸ್ಪ್ರಿಂಗ್ ಸೀಟ್ ತಿರುಗಿಸಿ ಎತ್ತರ ಬದಲಿಸಬೇಕು. ಸೀಟ್ ಬಿಗಿದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂಬ ನಂಬಿಕೆ ಬಹಳ ಹಬ್ಬಿದೆ. ಹೀಗೆ ಮೊದಲೇ ಕುಗ್ಗಿಸುವ ಪ್ರೀಲೋಡ್‌ನಿಂದ ಸ್ಪ್ರಿಂಗಿನ ಬಿಗಿತ ಬದಲಾಗುವುದಿಲ್ಲ, ಬದಲಾಗುವುದು ಕಾರಿನ ಎತ್ತರ. ಬಿಗಿ ಸ್ಪ್ರಿಂಗ್ ಕಾರಿನ ತೂಕಕ್ಕೆ ಕುಗ್ಗುವುದೂ ಕಡಿಮೆ: 300 ಕೆ.ಜಿ. ಮೂಲೆಯಲ್ಲಿ, ಸ್ಟ್ರಟ್ ಆಗಿದ್ದರೆ, 30 ನ್ಯೂಟನ್ನಿನದು ನೂರು ಮಿ.ಮೀ. ಕುಗ್ಗುತ್ತದೆ, 60ರದು ಐವತ್ತು. ಜ್ಯಾಕ್ ಏರಿಸಿದಾಗ, ಉಬ್ಬಿನಿಂದ ಹಾರಿದಾಗ ಚಕ್ರ ಅದಕ್ಕಿಂತ ಹೆಚ್ಚು ಇಳಿದರೆ ಸ್ಪ್ರಿಂಗ್ ಸೀಟಿನಿಂದ ಸಡಿಲವಾಗಿ ಕಟಕಟ ಎನ್ನುತ್ತದೆ, ಜಾಗ ತಪ್ಪಲೂಬಹುದು. ಚಪ್ಪಟೆಯಾದ ಮೆದು ಹೆಲ್ಪರ್ ಸ್ಪ್ರಿಂಗ್ ಕೊಡುವುದು ಇದಕ್ಕಾಗಿ.

ಅಲೈನ್‌ಮೆಂಟ್: ಕಡಿಮೆ ಹಣ, ಹೆಚ್ಚು ಫಲ

ಕಾರ್ಖಾನೆಯಿಂದ ಬಂದ ಕಾರಿನ ಮುಂಚಕ್ರಗಳ ಕ್ಯಾಂಬರ್ ಸಾಧಾರಣವಾಗಿ ಸೊನ್ನೆಯಿಂದ ಮೈನಸ್ 1 ಡಿಗ್ರಿಯೊಳಗೆ ಇರುತ್ತದೆ. ಟ್ರ್ಯಾಕ್‌ನಲ್ಲಿ ಅದೇ ಕಾರು ಟೈರಿನ ಹೊರಭುಜವನ್ನು ಒಂದೇ ದಿನದಲ್ಲಿ ಸವೆಸಿಬಿಡುತ್ತದೆ. ರಸ್ತೆ ಮುಖ್ಯ, ಆಗಾಗ ಟ್ರ್ಯಾಕ್ ಎನ್ನುವ ಸ್ಟ್ರಟ್ ಕಾರಿಗೆ ಮುಂದೆ ಮೈನಸ್ 1.5ರಿಂದ 2, ಟ್ರ್ಯಾಕ್ ಮುಖ್ಯವಾದರೆ ಮೈನಸ್ 2.5ರಿಂದ 3.5. ಡಬಲ್ ವಿಶ್‌ಬೋನ್ ಓಲಿದಾಗ ತಾನೇ ಕ್ಯಾಂಬರ್ ಗಳಿಸಿಕೊಳ್ಳುವುದರಿಂದ ಅದಕ್ಕೆ ಸ್ವಲ್ಪ ಕಡಿಮೆ ಸಾಕು. ಹಿಂದೆ ಮುಂದಿನದಕ್ಕಿಂತ ಅರ್ಧ ಡಿಗ್ರಿಯಷ್ಟು ಕಡಿಮೆಯಿಂದ ಆರಂಭಿಸಿ. ಸ್ಟ್ರಟ್‌ನಲ್ಲಿ ಇಷ್ಟು ಪಡೆಯಲು ಮೇಲೆ ಕ್ಯಾಂಬರ್ ಪ್ಲೇಟ್ ಅಥವಾ ಕೆಳಗೆ ಕ್ಯಾಂಬರ್ ಬೋಲ್ಟ್ ಬೇಕು. ಬೋಲ್ಟ್ ಅಗ್ಗ, ಆದರೆ ಸಣ್ಣ ವ್ಯಾಸದ್ದಾದ್ದರಿಂದ ಟಾರ್ಕ್ ತಪ್ಪಿದರೆ ಕರ್ಬ್ ಏಟಿಗೆ ಜಾರುತ್ತದೆ.

ರಸ್ತೆಯಲ್ಲಿ ಟೈರ್ ತಿನ್ನುವುದು ಕ್ಯಾಂಬರ್ ಎಂದು ಎಲ್ಲರೂ ಹೆದರುತ್ತಾರೆ; ನಿಜವಾಗಿ ತಿನ್ನುವುದು ಹೆಚ್ಚಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಮುಂದೆ ಸೊನ್ನೆ ಟೋ, ಹಿಂದೆ ಪ್ರತಿ ಚಕ್ರಕ್ಕೆ 0.1ರಿಂದ 0.2 ಡಿಗ್ರಿ ಒಳಮುಖ ಎಂಬುದು ಎರಡಕ್ಕೂ ಸಲ್ಲುವ ಹೊಂದಿಕೆ. ಮುಂದೆ ಕೊಂಚ ಹೊರಮುಖ ಕೊಟ್ಟರೆ ತಿರುವಿಗೆ ಬೇಗ ಇಳಿಯುತ್ತದೆ, ಹೆದ್ದಾರಿಯಲ್ಲಿ ಅಲೆಯುತ್ತದೆ. ಮಿಲಿಮೀಟರಿನಲ್ಲಿ ಹೇಳುವ ಅಂಗಡಿಯಾದರೆ, 18 ಇಂಚಿನ ರಿಮ್‌ನಲ್ಲಿ ಅಳೆದ 1 ಮಿ.ಮೀ. ಎಂದರೆ 0.125 ಡಿಗ್ರಿ.

ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿ ಬದಲಾಗುತ್ತದೆ. ಟ್ರ್ಯಾಕ್ ತಲುಪಿ ಪ್ಲೇಟನ್ನು ಒಳಕ್ಕೆ ಸರಿಸಿ, ಮನೆಗೆ ಹೊರಡುವಾಗ ಹೊರಕ್ಕೆ ಸರಿಸುವ ಯೋಜನೆಯಿದ್ದರೆ, ಎರಡೂ ಸ್ಥಾನದಲ್ಲಿ ಟೋ ಎಷ್ಟಿರುತ್ತದೆ ಎಂದು ಮೊದಲೇ ಅಳೆಸಿ, ಟೈ ರಾಡ್‌ನ ಎಷ್ಟು ಸುತ್ತಿಗೆ ಸರಿಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅಳೆಸುವಾಗ ಚಾಲಕನ ಸೀಟಿನಲ್ಲಿ ಚಾಲಕನಷ್ಟೇ ತೂಕ ಇರಲಿ. ಕ್ರಮ ಹೀಗಿರಲಿ: ಮೊದಲು ಎತ್ತರ, ಆಮೇಲೆ ಮೂಲೆ ತೂಕ, ಕ್ಯಾಸ್ಟರ್ (ಚಕ್ರ ತಿರುಗುವ ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ), ಕ್ಯಾಂಬರ್, ಕೊನೆಗೆ ಟೋ. ಉಲ್ಟಾ ಮಾಡಿದರೆ ಎರಡು ಸಲ ಹಣ ಕೊಡಬೇಕಾಗುತ್ತದೆ.

ಮೂಲೆ ತೂಕ ಎಂದರೆ ನಾಲ್ಕು ತಕ್ಕಡಿಗಳ ಮೇಲೆ ಕಾರು ನಿಲ್ಲಿಸಿ, ಬಲ ಮುಂದಿನ ಮತ್ತು ಎಡ ಹಿಂದಿನ ತೂಕ ಕೂಡಿಸಿ ಒಟ್ಟು ತೂಕದಿಂದ ಭಾಗಿಸುವುದು. 50 ಪ್ರತಿಶತ ಬಂದರೆ ಎಡಕ್ಕೂ ಬಲಕ್ಕೂ ಕಾರು ಒಂದೇ ರೀತಿ ತಿರುಗುತ್ತದೆ. ಒಂದು ಮೂಲೆಯ ಸ್ಪ್ರಿಂಗ್ ಸೀಟ್ ಏರಿಸಿದರೆ ಆ ಮೂಲೆಗೂ ಅದರ ಕರ್ಣದ ಮೂಲೆಗೂ ತೂಕ ಸೇರುತ್ತದೆ. ಇದನ್ನು ಮಾಡುವಾಗ ಆ್ಯಂಟಿ ರೋಲ್ ಬಾರ್‌ನ ಲಿಂಕ್ ಬಿಚ್ಚಿರಬೇಕು; ಕೊನೆಗೆ ಲಿಂಕಿನ ಉದ್ದವನ್ನು ಬಾರ್ ತಿರುಚಿಕೊಳ್ಳದಂತೆ ಹೊಂದಿಸಿ ಸೇರಿಸಬೇಕು.

ಬುಶ್ ಮತ್ತು ಬಿಗಿಯುವ ಕೆಲಸ

ರಬ್ಬರ್ ಬುಶ್ ಸದ್ದನ್ನು ನುಂಗುತ್ತದೆ, ಆದರೆ ಬಾಗುತ್ತದೆ. ಬ್ರೇಕ್ ಒತ್ತಿದಾಗ ಟೋ ಬದಲಾಗುವುದು ಅದರಿಂದಲೇ. ಪಾಲಿಯುರೆಥೇನ್ ಗಟ್ಟಿ. ಆರ್ಮ್ ಒಂದೇ ಅಕ್ಷದಲ್ಲಿ ತಿರುಗುವ ಕಡೆ ಚೆನ್ನ. ಟ್ರೇಲಿಂಗ್ ಆರ್ಮ್‌ನಂತೆ ಎರಡು ಮೂರು ದಿಕ್ಕಿಗೆ ಹೊರಳುವ ಕಡೆ ಅದು ಬಿಗಿಹಿಡಿದು ಲೆಕ್ಕದಲ್ಲಿಲ್ಲದ ಸ್ಪ್ರಿಂಗ್ ಆಗಿಬಿಡುತ್ತದೆ. ಸಿಲಿಕೋನ್ ಗ್ರೀಸ್ ಹಾಕದಿದ್ದರೆ ಕಿರುಗುಟ್ಟುತ್ತದೆ. ಲೋಹದ ಗೋಳಾಕಾರದ ಬೇರಿಂಗ್ ಅತ್ಯಂತ ನಿಖರ, ಸದ್ದು ಜಾಸ್ತಿ, ಧೂಳು ನೀರು ಸೇರಿದರೆ ಬೇಗ ಸವೆಯುತ್ತದೆ.

ರಬ್ಬರ್ ಬುಶ್ ಉಳಿಸಿಕೊಂಡವರು ಒಂದನ್ನು ಮರೆಯಬಾರದು. ಕಾರು ಲಿಫ್ಟಿನ ಮೇಲಿದ್ದು ಚಕ್ರ ಜೋತುಬಿದ್ದಾಗ ಆರ್ಮ್‌ಗಳ ಬೋಲ್ಟನ್ನು ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಎತ್ತರ ತಪ್ಪು ತೋರಿಸುತ್ತದೆ, ಕೆಲವೇ ತಿಂಗಳಲ್ಲಿ ಬುಶ್ ಹರಿಯುತ್ತದೆ. ಆರ್ಮನ್ನು ಜ್ಯಾಕ್‌ನಿಂದ ಓಡಾಟದ ಎತ್ತರಕ್ಕೆ ಎತ್ತಿ, ಆಮೇಲೆ ಟಾರ್ಕ್ ರೆಂಚ್ ಹಾಕಬೇಕು. ಡ್ಯಾಂಪರಿನ ಮೇಲ್ತುದಿಯ ನಟ್‌ಗೆ ಇಂಪ್ಯಾಕ್ಟ್ ಗನ್ ಬೇಡ: ದಂಡ ಒಳಗೇ ಗಿರಗಿರ ತಿರುಗಿ ಸೀಲ್ ಕೆಡುತ್ತದೆ. ಹಳೆಯ ಸ್ಪ್ರಿಂಗನ್ನು ಕಂಪ್ರೆಸರ್ ಹಾಕಿ ಕುಗ್ಗಿಸದೆ ನಟ್ ಬಿಚ್ಚಿದರೆ ಅದು ಚಿಮ್ಮಿ ಮುಖಕ್ಕೆ ಬರುತ್ತದೆ, ಇದರಲ್ಲಿ ರಾಜಿಯಿಲ್ಲ. ಎಲ್ಲ ಮುಗಿದ ಮೇಲೆ ಸ್ಟಿಯರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಲ್ಲೂ ಎಳೆದುಕೊಂಡಿಲ್ಲ ಎಂದು ನೋಡಿ. ನೂರಾರು ಕಿ.ಮೀ. ಓಡಿದ ಮೇಲೆ ಸ್ಪ್ರಿಂಗ್ ಕೆಲವು ಮಿ.ಮೀ. ಕೂರುತ್ತದೆ, ಬೋಲ್ಟ್‌ಗಳನ್ನು ಮತ್ತೆ ಪರೀಕ್ಷಿಸಿ ಅಲೈನ್‌ಮೆಂಟ್ ಆಗ ಮಾಡಿಸಿ.

ಮೊದಲು ಯಾವುದಕ್ಕೆ ಹಣ

ಬ್ರೇಕ್‌ಗೆ. ಡಾಟ್ 4 ದ್ರವದ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ, ತೇವ ಹೀರಿದ ಮೇಲೆ 155. ಎರಡು ವರ್ಷ ಹಳೆಯ ದ್ರವದಲ್ಲಿ ಟ್ರ್ಯಾಕ್‌ಗೆ ಇಳಿದರೆ ಪೆಡಲ್ ನೆಲಕ್ಕೆ ಹೋಗುವುದು ಆಶ್ಚರ್ಯವೇನಲ್ಲ. ಹೊಸ ದ್ರವ, ಶಾಖ ತಾಳುವ ಪ್ಯಾಡ್, ನಂತರ ಟೈರ್, ನಂತರ ಅಲೈನ್‌ಮೆಂಟ್. ಇಷ್ಟಾದ ಮೇಲೆ, ಜಿಗುಟಾದ ಟೈರ್ ಕಾರನ್ನು ಹೆಚ್ಚು ಓಲಿಸಿ ಬಂಪ್ ಸ್ಟಾಪ್‌ಗೆ ಒಯ್ಯುತ್ತಿದೆ ಎಂದು ಕೇಬಲ್ ಟೈ ಹೇಳಿದಾಗ, ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಟ್ಟಿಗೆ. ಬಾರ್ ಕೊನೆಗೆ, ಸಮತೋಲ ತಿದ್ದಲು.

ಟ್ರ್ಯಾಕ್‌ನಲ್ಲಿ ಹೊಂದಿಸುವಾಗ ಡ್ಯಾಂಪರ್ ಕ್ಲಿಕ್‌ಗಳನ್ನು ಪೂರ್ತಿ ಬಿಗಿಯ ಕಡೆಯಿಂದ ಎಣಿಸಿ ಬರೆದಿಡಿ. ತುದಿಯಲ್ಲಿ ಬಲ ಹಾಕಿ ತಿರುಗಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಮೂರು ಕ್ಲಿಕ್. ತಿರುವಿಗೆ ಇಳಿಯುವಾಗ ಅಥವಾ ಹೊರಬರುವಾಗ ಮಾತ್ರ ಕಾಣುವ ತೊಂದರೆಗೆ ಡ್ಯಾಂಪರ್ ಮುಟ್ಟಿ. ತಿರುವಿನ ಮಧ್ಯದಲ್ಲಿ ಸ್ಥಿರವಾಗಿ ಕಾಡುವುದಕ್ಕೆ ಬಾರ್, ಸ್ಪ್ರಿಂಗ್, ಟೈರ್ ಒತ್ತಡ ನೋಡಿ. ಸಾಲು ಉಬ್ಬುಗಳ ಮೇಲೆ ಕಾರು ಕುಗ್ಗುತ್ತ ಕುಗ್ಗುತ್ತ ಕೆಳಗೇ ಉಳಿಯುತ್ತಿದ್ದರೆ ರಿಬೌಂಡ್ ಹೆಚ್ಚಾಗಿದೆ, ಚಕ್ರಕ್ಕೆ ಇಳಿದು ಬರಲು ಸಮಯ ಸಿಗುತ್ತಿಲ್ಲ. ಒಂದೊಂದು ಉಬ್ಬಿಗೂ ಕಾರು ಪಕ್ಕಕ್ಕೆ ಜಿಗಿಯುತ್ತಿದ್ದರೆ ಕಂಪ್ರೆಷನ್ ಸಡಿಲಿಸಿ. ಟೈರಿನ ಒತ್ತಡ ಬಿಸಿಯಾದಾಗ 0.3–0.4 ಬಾರ್ (ಒತ್ತಡದ ಮಾನ) ಏರುವುದರಿಂದ ಓಡಿಸಿ ಬಂದ ಕೂಡಲೇ ಅಳೆಯಿರಿ. ಟೈರಿನ ಒಳ, ನಡು, ಹೊರ ಅಂಚುಗಳ ಶಾಖವನ್ನು ಚುಚ್ಚುವ ಥರ್ಮಾಮೀಟರಿನಿಂದ ನೋಡಿ: ಒಳಅಂಚು ಹೊರಗಿಗಿಂತ 5–10 ಡಿಗ್ರಿ ಹೆಚ್ಚಿದ್ದರೆ ಕ್ಯಾಂಬರ್ ಸರಿಯಿದೆ, ಹೊರಅಂಚೇ ಹೆಚ್ಚು ಬಿಸಿಯಿದ್ದರೆ ಇನ್ನೂ ಬೇಕು, ನಡು ಬಿಸಿಯಿದ್ದರೆ ಗಾಳಿ ಹೆಚ್ಚಾಗಿದೆ.

ರಸ್ತೆಗೆ ಮರಳುವ ಮುನ್ನ ಗಾಳಿಯನ್ನು ಕಾರಿನ ಬಾಗಿಲ ಬಳಿ ಬರೆದ ಒತ್ತಡಕ್ಕೆ ತುಂಬಿಸಿ, ಡ್ಯಾಂಪರನ್ನು ಬರೆದಿಟ್ಟ ಕ್ಲಿಕ್‌ಗೆ ತಿರುಗಿಸಿ, ಚಕ್ರದ ನಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ಕೊಡಿ. ಎತ್ತರ ಕಾಯಮ್ಮಾಗಿ ಬದಲಾಗಿದ್ದರೆ ಹೆಡ್‌ಲೈಟಿನ ಕೋನವನ್ನೂ, ಕ್ಯಾಮೆರಾ ಮತ್ತು ರೇಡಾರ್ ನೆಚ್ಚಿಕೊಂಡ ತುರ್ತು ಬ್ರೇಕ್ ವ್ಯವಸ್ಥೆಯನ್ನೂ ಹೊಸದಾಗಿ ಕ್ಯಾಲಿಬ್ರೇಟ್ ಮಾಡಿಸಬೇಕು.